ವಾರಂಟಿ ಕಳೆದ ಮೇಲೆ ಸ್ಮಾರ್ಟ್ ವಾಚು

(ರೈತ ಸಂಪರ್ಕ ಕೇಂದ್ರದಲ್ಲಿ ಕೂಡಿದ್ದ ರೈತರ ಸಭೆಯಲ್ಲಿ ಗಡಿಯಾರ ರಿಪೇರಿಯ ಕಸುಬಿನವರೊಬ್ಬರು ಆಡಿದ ಮಾತುಗಳ ಪಾಠ)



ನಾನು ಭಾಷಣಕಾರನಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ಕೂರುವುದು ನನ್ನ ಕಸುಬು. ಬಸ್ ನಿಲ್ದಾಣದ ಎದುರು ನಲವತ್ತು ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ಇಲ್ಲಿ ಕುಳಿತಿರುವವರಲ್ಲಿ ಅರ್ಧಕ್ಕರ್ಧ ಜನ ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಬಸ್ಸು ಕಾದವರೇ. ನನ್ನ ತಂದೆಯೂ ಎರಡು ಎಕರೆ ರಾಗಿ ಹೊಲ ಉತ್ತವರು. ಆದುದರಿಂದ ನಿಮಗೆ ತಿಳಿಯುವ ಮಾತಿನಲ್ಲಿಯೇ ಹೇಳಲು ಯತ್ನಿಸುತ್ತೇನೆ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಹೋದ ಭತ್ತದ ನಾಟಿಯ ಕಾಲದ ಮಾತು. ನಮ್ಮ ಕಡೆಯ ಒಬ್ಬ ಯುವಕ ತನ್ನ ತಂದೆಗೆ ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗ, 2,400 ರೂಪಾಯಿ ಕೊಟ್ಟು ಒಂದು ಸ್ಮಾರ್ಟ್ ವಾಚು ತಂದು ಅವರ ಕೈಗೆ ಕಟ್ಟಿದ್ದ. ಯಜಮಾನರು ಹೇಳಿದ ಮಾತು ಕೇಳುವವರಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ನೀರು ಕಟ್ಟಲು ಹೊರಡುವವರು. ವಾಚಿನ ಗುಂಡಿಯನ್ನು ಒತ್ತಿ ಹಿಡಿದರೆ ಫೋನಿನ ಮೂಲಕ ಮಗನಿಗೆ ಕರೆ ಹೋಗುವಂತೆ ಏರ್ಪಾಡು ಮಾಡಿಕೊಟ್ಟಿದ್ದ. ಒಂದು ವರ್ಷದ ವಾರಂಟಿ. ಹದಿನೈದನೆಯ ತಿಂಗಳಿಗೆ, ಬೆಳಿಗ್ಗೆ ಪೂರ್ತಿ ಚಾರ್ಜು ಮಾಡಿ ಕಟ್ಟಿದ ವಾಚು ಸಂಜೆ ದೀಪ ಹಚ್ಚುವ ಹೊತ್ತಿಗೆ ಕಣ್ಣು ಮುಚ್ಚತೊಡಗಿತು. ಕಂಪೆನಿಯ ರಿಪೇರಿ ಕೇಂದ್ರಕ್ಕೆ ಹೋದರೆ, "ವಾರಂಟಿ ಮುಗಿದಿದೆ, ಬ್ಯಾಟರಿ ಬಿಡಿಯಾಗಿ ಬರುವುದಿಲ್ಲ, ಹೊಸದನ್ನು ಕೊಳ್ಳಿ" ಎಂದರಂತೆ. ಹುಡುಗ ನನ್ನ ಹತ್ತಿರ ಬಂದ. ನಾನು ಗಾಜನ್ನು ಬಿಸಿ ಮಾಡಿ ಎಬ್ಬಿಸಿ, ಅದೇ ಅಳತೆಯ ಬ್ಯಾಟರಿ ಹಾಕಿ, ಅಂಟು ಹಚ್ಚಿ ಮುಚ್ಚಿಕೊಟ್ಟೆ. 450 ರೂಪಾಯಿ ತೆಗೆದುಕೊಂಡೆ. ಹೊರಡುವಾಗ ಅವನು ಕೇಳಿದ: "ನೀರಿಗೆ ಆಗುತ್ತದೆಯೇ ಅಣ್ಣಾ?" ನಾನು, "ಆಗುತ್ತದೆ, ಹೆದರಬೇಡ" ಎಂದೆ.

ಹನ್ನೆರಡನೆಯ ದಿನ ರಾತ್ರಿ ಯಜಮಾನರು ಗದ್ದೆಯಲ್ಲಿದ್ದಾಗ ಎದೆ ಹಿಡಿದಂತಾಯಿತು. ಫೋನು ಹತ್ತು ಹೆಜ್ಜೆ ದೂರದ ಹೊಂಗೆ ಮರಕ್ಕೆ ಚೀಲದಲ್ಲಿ ತೂಗುಹಾಕಿತ್ತು. ಅದನ್ನು ತರಲು ಏಳಲಿಲ್ಲ. ವಾಚಿನ ಗುಂಡಿಯನ್ನು ಒತ್ತಿ, ಕರೆ ಹೋಗಿದೆ, ಮಗ ಬರುತ್ತಾನೆ ಎಂದು ನಂಬಿ ಬದುವಿನ ಮೇಲೆ ಕುಳಿತುಬಿಟ್ಟರು. ಆ ವಾಚಿನೊಳಗೆ ಸಂಜೆಯೇ ಕೆಸರು ನೀರು ಹೊಕ್ಕು ಅದು ಸತ್ತಿತ್ತು. ಎರಡು ಗಂಟೆಯ ಮೇಲೆ ಮನೆಯವರು ಹುಡುಕಿಕೊಂಡು ಹೋದರು. ದೇವರ ದಯೆ, ಯಜಮಾನರು ಇಂದು ಈ ಸಭೆಯಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ನನ್ನನ್ನು ನೋಡಿ ನಗುತ್ತಲೂ ಇದ್ದಾರೆ. ನಾನು 450 ರೂಪಾಯಿಯನ್ನು ಹಿಂದಿರುಗಿಸಿದೆ. ಆದರೆ ಆಡಿದ ಮಾತನ್ನು ಹಿಂದಿರುಗಿಸುವುದು ಹೇಗೆ? ಮುಚ್ಚಿದ ವಾಚು ನೀರಿಗೆ ತಡೆಯುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸುವ ಒತ್ತಡದ ಯಂತ್ರ ನನ್ನ ಹತ್ತಿರ ಇರಲಿಲ್ಲ, ಇಂದಿಗೂ ಇಲ್ಲ. ಪರೀಕ್ಷಿಸದೆ ಹೇಳಿದ್ದು ನನ್ನ ತಪ್ಪು. ಅದಕ್ಕಾಗಿಯೇ, ಇಲ್ಲಿಯ ಅಧಿಕಾರಿಗಳು ಬಂದು ಮಾತನಾಡಿ ಎಂದಾಗ ಇಲ್ಲವೆನ್ನಲಿಲ್ಲ.

ನಮ್ಮ ಹಿಂದಿನವರಿಗೆ ವಾಚು ಎಂದರೆ ಎಚ್‌ಎಂಟಿ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕಾರ್ಖಾನೆ ಶುರುವಾಯಿತು. ಆಮೇಲೆ ತುಮಕೂರಿನಲ್ಲಿಯೂ ಆಯಿತು. 2016ರಲ್ಲಿ ಅದನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿದ್ದು ನಿಮಗೆ ಗೊತ್ತೇ ಇದೆ. ಮದುವೆಯಲ್ಲಿ ಕೊಟ್ಟ ಜನತಾ ವಾಚನ್ನು ಮೊಮ್ಮಗ ಇಂದಿಗೂ ಕೀ ಕೊಟ್ಟು ಕಟ್ಟಿಕೊಳ್ಳುತ್ತಾನೆ. ಅದು ಹಾಗೆ ಬಾಳಿದ್ದು ಉಕ್ಕು ಗಟ್ಟಿಯಾಗಿದ್ದುದರಿಂದ ಮಾತ್ರವಲ್ಲ. ಹಿಂದಿನ ಮುಚ್ಚಳ ತೆಗೆಯುವಂತಿತ್ತು, ಒಳಗಿನ ಒಂದೊಂದು ಚಕ್ರವೂ ಬಿಡಿಯಾಗಿ ಸಿಗುತ್ತಿತ್ತು, ನನ್ನಂಥವನೊಬ್ಬ ಊರಿಗೊಬ್ಬನಿದ್ದ. ಹಳೆಯದೆಲ್ಲ ಚೆನ್ನ ಎಂದು ಹಾಡಿ ಹೊಗಳಲು ಇದನ್ನು ಹೇಳುತ್ತಿಲ್ಲ. ಆ ವಾಚೂ ನೀರು ಕುಡಿದು ಬರುತ್ತಿತ್ತು. ಆದರೆ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಬಿಟ್ಟರೆ ಮತ್ತೆ ಓಡುತ್ತಿತ್ತು.

ಸ್ಮಾರ್ಟ್ ವಾಚಿನಲ್ಲಿ ಸವೆಯುವ ಭಾಗಗಳು ಮುಖ್ಯವಾಗಿ ಎರಡು. ಒಂದು ಬ್ಯಾಟರಿ, ಇನ್ನೊಂದು ನೀರು ತಡೆಯುವ ಅಂಟು ಮತ್ತು ರಬ್ಬರು. ನಿಮ್ಮ ಔಷಧಿ ಸಿಂಪಡಿಸುವ ಪಂಪಿನಲ್ಲಿಯೂ ಸವೆಯುವುದು ಇಂಥವೇ. ಆದರೆ ಪಂಪಿನ ವಾಷರನ್ನು ನೀವೇ ಬದಲಾಯಿಸುತ್ತೀರಿ. ಇಲ್ಲಿ ಸವೆಯುವ ಭಾಗಗಳನ್ನೇ ಒಳಗಿಟ್ಟು ಬಾಗಿಲು ಅಂಟಿಸಿಬಿಟ್ಟಿದ್ದಾರೆ. ಬ್ಯಾಟರಿ ಬದಲಾಯಿಸಬೇಕಾದರೆ ನೀರಿನ ಕಟ್ಟನ್ನು ಒಡೆಯಲೇಬೇಕು. ಇಷ್ಟು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಬ್ಯಾಟರಿಯ ವಿಚಾರ. ಇದು ಲೀಥಿಯಂ ಬ್ಯಾಟರಿ. 1991ರಲ್ಲಿ ಜಪಾನಿನ ಸೋನಿ ಕಂಪೆನಿ ಮೊದಲು ಮಾರಾಟಕ್ಕೆ ತಂದಿತು. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ದೊಡ್ಡ ವಿದ್ಯೆಯೇ ಸರಿ. ಆದರೆ ಇದಕ್ಕೂ ಆಯುಸ್ಸು ಉಂಟು. ನಮ್ಮ ಕೆರೆಗಳನ್ನು ನೋಡಿ. ಪ್ರತಿ ಮಳೆಗೂ ನೀರಿನ ಜೊತೆ ಹೂಳು ಬರುತ್ತದೆ. ಕೆರೆ ತುಂಬಿ ಕೋಡಿ ಬೀಳುತ್ತದೆ, ಊರಿನವರು ಬಾಗಿನ ಅರ್ಪಿಸುತ್ತಾರೆ. ಆದರೆ ಹಿಂದೆ ಎರಡು ಬೆಳೆಗೆ ಬರುತ್ತಿದ್ದ ನೀರು ಈಗ ಒಂದು ಬೆಳೆಗೂ ಸಾಲದು. ಬ್ಯಾಟರಿಯೊಳಗೂ ಹೀಗೆಯೇ. ಪ್ರತಿ ಸಲ ತುಂಬಿ ಖಾಲಿಯಾದಾಗಲೂ ಸ್ವಲ್ಪ ಸ್ವಲ್ಪ ಹೂಳು ಕೂತಂತಾಗಿ, ಹಿಡಿಯುವ ಶಕ್ತಿ ಕುಗ್ಗುತ್ತದೆ. ಪರದೆಯ ಮೇಲೆ ನೂರಕ್ಕೆ ನೂರು ಎಂದೇ ತೋರಿಸುತ್ತದೆ. ಅದು ಸುಳ್ಳಲ್ಲ, ಕೆರೆ ತುಂಬಿದೆ, ಆದರೆ ಕೆರೆಯೇ ಚಿಕ್ಕದಾಗಿದೆ.

ಸಾಮಾನ್ಯ ಲೀಥಿಯಂ ಬ್ಯಾಟರಿ 300ರಿಂದ 500 ಸಲ ಪೂರ್ತಿ ತುಂಬಿ ಖಾಲಿಯಾಗುವ ಹೊತ್ತಿಗೆ ಹಿಡಿಯುವ ಶಕ್ತಿ ನೂರಕ್ಕೆ ಎಂಬತ್ತರ ಹತ್ತಿರಕ್ಕೆ ಇಳಿಯುತ್ತದೆ. ಬೆಲೆ ಬಾಳುವ ಕೆಲವು ವಾಚುಗಳಿಗೆ ಇದಕ್ಕಿಂತ ಹೆಚ್ಚು ಹೇಳುತ್ತಾರೆ; ಆ್ಯಪಲ್ ಕಂಪೆನಿ ತನ್ನ ವಾಚಿಗೆ 1,000 ಸುತ್ತು ಎನ್ನುತ್ತದೆ. ಈಗ ನೀವೇ ಲೆಕ್ಕ ಹಾಕಿ. ದಿನವೂ ಖಾಲಿಯಾಗಿ ದಿನವೂ ಚಾರ್ಜು ಮಾಡುವ ವಾಚಿಗೆ 500 ಸುತ್ತು ಎಂದರೆ 500 ದಿನ, ಅಂದರೆ ಹದಿನಾರು ತಿಂಗಳು. ವಾರಂಟಿ ಹನ್ನೆರಡು ತಿಂಗಳು. ಅಂಗಡಿಯವನ ಕಣ್ಕಟ್ಟೇನೂ ಇಲ್ಲಿ ಬೇಕಾಗಿಲ್ಲ, ಲೆಕ್ಕವೇ ಹಾಗಿದೆ. ಅದೇ ವಾಚು ವಾರಕ್ಕೊಮ್ಮೆ ಚಾರ್ಜು ಕೇಳುವಂಥದಾದರೆ ವರ್ಷಕ್ಕೆ ಐವತ್ತೆರಡು ಸುತ್ತು ಮಾತ್ರ. ಆದುದರಿಂದ ಕೊಳ್ಳುವಾಗ ಬಣ್ಣ ನೋಡುವ ಮೊದಲು, ಎಷ್ಟು ದಿನಕ್ಕೊಮ್ಮೆ ಚಾರ್ಜು ಬೇಕು ಎಂದು ಕೇಳಿ. ಫೋನಿನ ಬ್ಯಾಟರಿ ಐದು ಸಾವಿರ ಅಳತೆಯದಾದರೆ ವಾಚಿನದು ಇನ್ನೂರೋ ಮುನ್ನೂರೋ ಮಾತ್ರ. ಆ ಸಣ್ಣ ಕುಡಿಕೆಯಿಂದಲೇ ಕರೆ ಮಾತನಾಡುವುದು, ಪರದೆ ಸದಾ ಉರಿಯುವುದು, ಇಡೀ ದಿನ ನಾಡಿ ಎಣಿಸುವುದು ಎಲ್ಲವೂ ನಡೆಯಬೇಕು. ಬೇಡದ್ದನ್ನು ನಿಲ್ಲಿಸಿದರೆ ಸುತ್ತು ಉಳಿಯುತ್ತದೆ, ಆಯುಸ್ಸೂ ಉಳಿಯುತ್ತದೆ.

ಬ್ಯಾಟರಿಗೆ ದೊಡ್ಡ ಶತ್ರು ಬಿಸಿಲು. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ, ಮೋಟಾರು ಮನೆಯ ತಗಡಿನ ಕೆಳಗೆ, ಒಲೆಯ ಪಕ್ಕದ ಗೂಡಿನಲ್ಲಿ ಇಡಬೇಡಿ. ರಾತ್ರಿಯಿಡೀ ಹಾಸಿಗೆಯ ಮೇಲೆ ದಿಂಬಿನ ಪಕ್ಕದಲ್ಲಿ ಚಾರ್ಜಿಗೆ ಹಾಕುವುದು ಕೂಡದು. ಪೂರ್ತಿ ಸಾಯಿಸಿ ಚಾರ್ಜು ಮಾಡಬೇಕೆಂಬುದು ಹಳೆಯ ಬ್ಯಾಟರಿಗಳ ಕಾಲದ ಮಾತು. ಇದಕ್ಕೆ ಅದು ಸಲ್ಲದು. ಇಪ್ಪತ್ತಕ್ಕೆ ಇಳಿದಾಗ ಹಾಕಿ, ಎಂಬತ್ತು ತೊಂಬತ್ತಕ್ಕೆ ತೆಗೆದರೆ ಒಳ್ಳೆಯದು. ಸುಗ್ಗಿಯ ಕಾಲದಲ್ಲಿ ತಿಂಗಳುಗಟ್ಟಲೆ ಕಟ್ಟುವುದಿಲ್ಲವೆಂದರೆ ಅರ್ಧ ಚಾರ್ಜು ಮಾಡಿ, ಆರಿಸಿ, ತಣ್ಣಗಿರುವ ಕಡೆ ಇಡಿ. ಹಿಂಬದಿಯಲ್ಲಿ ಚಾರ್ಜು ಮಾಡುವ ಲೋಹದ ಚುಕ್ಕೆಗಳಿವೆಯಲ್ಲ, ಅವಕ್ಕೆ ಬೆವರಿನ ಉಪ್ಪು ಹತ್ತಿ ಹಸಿರು ಕಿಲುಬು ಹಿಡಿಯುತ್ತದೆ. ನನ್ನ ಅಂಗಡಿಗೆ "ಬ್ಯಾಟರಿ ಹೋಗಿದೆ" ಎಂದು ಬರುವ ಎಷ್ಟೋ ವಾಚುಗಳ ರೋಗ ಇದೊಂದೇ. ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಚಾರ್ಜಿಗೆ ಹಾಕಿ. ಒದ್ದೆ ವಾಚನ್ನು ಚಾರ್ಜಿಗೆ ಹಾಕಿದರೆ ಆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ.

ಇನ್ನೊಂದು ಮಾತನ್ನು ಜೋರಾಗಿ ಹೇಳಬೇಕು. ಹಿಂದಿನ ಬೆಂಚಿನ ಹುಡುಗರೂ ಕೇಳಿ. ಕೆಲವು ಬ್ಯಾಟರಿ ಮುಪ್ಪಾದಾಗ ಒಳಗೆ ಅನಿಲ ಹುಟ್ಟಿ ಊದಿಕೊಳ್ಳುತ್ತದೆ. ವಾಚಿನ ಗಾಜು ಒಂದು ಬದಿಯಲ್ಲಿ ಎದ್ದು ನಿಲ್ಲುತ್ತದೆ. ಅಂಟು ಬಿಟ್ಟಿದೆ ಎಂದು ತಿಳಿದು, ಒತ್ತಿ ಕೂರಿಸಿ, ಅಂಟು ಹಾಕಿ, ದಾರ ಕಟ್ಟಿಕೊಂಡು ಓಡಾಡುವವರನ್ನು ಕಂಡಿದ್ದೇನೆ. ಹಾಗೆ ಮಾಡತಕ್ಕದ್ದಲ್ಲ. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಬ್ಯಾಟರಿ ಕಾದು ಕೈ ಸುಟ್ಟ ಪ್ರಸಂಗಗಳು ದೊಡ್ಡ ಕಂಪೆನಿಗಳ ವಾಚಿನಲ್ಲಿಯೂ ನಡೆದಿವೆ. 2022ರ ಮಾರ್ಚಿಯಲ್ಲಿ ಅಮೆರಿಕದಲ್ಲಿ ಫಿಟ್‌ಬಿಟ್ ಕಂಪೆನಿ ತನ್ನ ಅಯಾನಿಕ್ ಎಂಬ ವಾಚನ್ನು ಇದೇ ಕಾರಣಕ್ಕೆ ಹಿಂದಕ್ಕೆ ಪಡೆಯಿತು. ಆ ದೇಶದಲ್ಲಿಯೇ ಸುಮಾರು ಹತ್ತು ಲಕ್ಷ ವಾಚು ಮಾರಾಟವಾಗಿದ್ದವು. 78 ಜನರಿಗೆ ಸುಟ್ಟ ಗಾಯವಾದ ವರದಿ ಅಲ್ಲಿ ಬಂದಿತ್ತು. ಕೊಂಡವರಿಗೆ 299 ಡಾಲರ್ ಹಿಂದಿರುಗಿಸಿದರು. ಊದಿದ ವಾಚು ಕಂಡರೆ ಕೈಯಿಂದ ಬಿಚ್ಚಿ, ಆರಿಸಿ, ಒಣ ಮರಳು ತುಂಬಿದ ಮಡಕೆಯಲ್ಲಿಟ್ಟು, ಹುಲ್ಲಿನ ಬಣವೆಗೂ ಮಕ್ಕಳ ಕೈಗೂ ದೂರವಾಗಿರಿಸಿ. ತಿಪ್ಪೆಗೆ ಎಸೆಯಬೇಡಿ. ಗೊಬ್ಬರದ ಜೊತೆ ಹೊಲ ಸೇರಿ, ನಾಳೆ ರೋಟವೇಟರಿನ ಬಾಯಿಗೆ ಸಿಕ್ಕುವುದು ನಿಮ್ಮ ಹೊಲದಲ್ಲಿಯೇ. 2022ರ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದು.

ಈಗ ನೀರಿನ ವಿಚಾರ. ಡಬ್ಬಿಯ ಮೇಲೆ ಐಪಿ 67, ಐಪಿ 68 ಎಂದು ಅಚ್ಚು ಮಾಡಿರುತ್ತಾರೆ. ಮೊದಲಿನ ಆರು ಧೂಳಿನದು. ಧೂಳು ಒಳಗೆ ಹೋಗದು ಎಂದರ್ಥ. ಎರಡನೆಯ ಅಂಕಿ ನೀರಿನದು. ಏಳು ಎಂದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ. ಎಂಟು ಎಂದರೆ ಅದಕ್ಕಿಂತ ಹೆಚ್ಚು. ಎಷ್ಟು ಎಂಬುದನ್ನು ತಯಾರಕರೇ ಹೇಳಬೇಕು. ಐವತ್ತು ಮೀಟರು ಎಂದು ಬರೆದಿದ್ದರೂ ಐವತ್ತು ಮೀಟರು ಆಳಕ್ಕೆ ಧುಮುಕಬಹುದು ಎಂದಲ್ಲ. ಅದು ಪರೀಕ್ಷೆಯಲ್ಲಿ ಕೊಟ್ಟ ಒತ್ತಡದ ಲೆಕ್ಕ. ಈ ಪರೀಕ್ಷೆಗಳೆಲ್ಲ ಹೊಸ ವಾಚಿಗೆ, ಶುದ್ಧ ನೀರಿನಲ್ಲಿ ನಡೆಯುವಂಥವು. ನಿಂತ ನೀರಿನಲ್ಲಿ ಮುಳುಗಿಸಿ ನೋಡಿದ್ದು ರಭಸದ ನೀರಿಗೆ ಅನ್ವಯಿಸುವುದಿಲ್ಲ. ಎಮ್ಮೆ ತೊಳೆಯುವ ಪೈಪಿನ ನೀರು, ಬೋರ್‌ವೆಲ್ಲಿನ ಬಾಯಿಗೆ ಕೈ ಒಡ್ಡಿ ತೊಳೆದುಕೊಳ್ಳುವ ನೀರು, ಇವಕ್ಕೆ ಬೇರೆ ಅಂಕಿಗಳೇ ಉಂಟು. ಏಳು ಪಾಸಾದದ್ದು ಅವುಗಳಲ್ಲಿ ಪಾಸಾಗಬೇಕೆಂದಿಲ್ಲ.

ಹೊಸದು ಪಾಸಾಯಿತು ಎನ್ನೋಣ. ಎರಡನೆಯ ವರ್ಷ? ರಬ್ಬರು ಗಟ್ಟಿಯಾಗುತ್ತದೆ, ಅಂಟು ಒಣಗುತ್ತದೆ, ಒಂದೆರಡು ಸಲ ನೆಲಕ್ಕೆ ಬಿದ್ದು ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಪಂಪ್‌ಸೆಟ್ಟಿನ ಗ್ಲ್ಯಾಂಡಿನಲ್ಲಿ ನೀರು ಸೋರಿದರೆ ಕಣ್ಣಿಗೆ ಕಾಣುತ್ತದೆ. ವಾಚಿನಲ್ಲಿ ನೀರು ಒಳಕ್ಕೆ ಸೋರುವುದರಿಂದ, ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಸೀಗೆ, ಶ್ಯಾಂಪೂ, ಸೋಪಿನ ನೀರು ಬರಿಯ ನೀರಿಗಿಂತ ಸುಲಭವಾಗಿ ಸಂದಿಗೆ ನುಗ್ಗುತ್ತದೆ. ಹಂಡೆಯ ಬಿಸಿನೀರಿನ ಹಬೆ, ರೇಷ್ಮೆ ಗೂಡು ಬೇಯಿಸುವ ಒಲೆಯ ಹಬೆ ನೀರಿಗಿಂತ ಕೆಟ್ಟದ್ದು. ಕ್ರಿಮಿನಾಶಕದ ದ್ರಾವಣಗಳಲ್ಲಿ ಎಣ್ಣೆಯಂಥ ದ್ರವ ಬೆರೆತಿರುತ್ತದೆ. ಅದು ತಗುಲಿದರೆ ರಬ್ಬರು ಉಬ್ಬಿ ಸಡಿಲವಾಗುತ್ತದೆ. ಸಿಂಪರಣೆಗೆ ಹೋಗುವಾಗ ವಾಚನ್ನು ಮನೆಯಲ್ಲಿಯೇ ಬಿಟ್ಟುಹೋಗಿ. ನಿಮ್ಮ ಚರ್ಮಕ್ಕೂ ಅದೇ ಕ್ಷೇಮ, ಏಕೆಂದರೆ ಪಟ್ಟಿಯ ಕೆಳಗೆ ಔಷಧಿ ನಿಂತುಬಿಡುತ್ತದೆ.

ಒಂದು ಸೂಕ್ಷ್ಮ ಹೇಳುತ್ತೇನೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ವಾಚನ್ನು ತಣ್ಣನೆಯ ಕಾಲುವೆಗೆ ಅದ್ದಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಹೊರಗಿನ ನೀರನ್ನು ಒಳಕ್ಕೆ ಎಳೆಯುತ್ತದೆ. ಇಪ್ಪತ್ತು ಡಿಗ್ರಿಯ ವ್ಯತ್ಯಾಸವಿದ್ದರೆ ಆ ಎಳೆತ ಸುಮಾರು ಎರಡು ಅಡಿ ಆಳದ ನೀರಿನ ಒತ್ತಡಕ್ಕೆ ಸಮ. ಹೊಸ ವಾಚು ತಡೆದೀತು. ಸಡಿಲವಾದ ಅಂಟಿನ ಹಳೆಯ ವಾಚು ತಡೆಯದು.

ಆದುದರಿಂದ ನನ್ನ ಮಾತು ಇಷ್ಟೆ: ವಾರಂಟಿ ಮುಗಿದ ದಿನದಿಂದ ಡಬ್ಬಿಯ ಮೇಲಿನ ಅಂಕಿಯನ್ನು ಮರೆತುಬಿಡಿ. ಮಳೆಹನಿ, ಬೆವರು ಪರವಾಗಿಲ್ಲ. ಸ್ನಾನ, ಗದ್ದೆ, ಕೆರೆ ಬೇಡ. ಒಮ್ಮೆ ಬಿಚ್ಚಿ ಬ್ಯಾಟರಿ ಹಾಕಿಸಿದ ವಾಚಿಗಂತೂ, ನಾನೇ ಮುಚ್ಚಿಕೊಟ್ಟಿರಲಿ, ಬೇರೆ ಯಾರೇ ಮುಚ್ಚಿಕೊಟ್ಟಿರಲಿ, ನೀರು ತೋರಿಸಬೇಡಿ. ಈಗ ನಾನು ಚೀಟಿಯ ಮೇಲೆ "ನೀರಿಗೆ ಆಗುವುದಿಲ್ಲ" ಎಂದು ಬರೆದೇ ಕೊಡುತ್ತೇನೆ. ಇದರಿಂದ ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋಗಿದ್ದಾರೆ. ಹೋಗಲಿ.

ವಾರಂಟಿಯ ಕಾಗದವನ್ನು ಕೊಂಡ ದಿನವೇ ಮನೆಯಲ್ಲಿ ಓದುವ ಮಕ್ಕಳಿಂದ ಓದಿಸಿ. ನೀರು ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಹೇಳಿ, ನೀರಿನಿಂದಾದ ಕೇಡಿಗೆ ವಾರಂಟಿ ಇಲ್ಲ ಎಂದು ಒಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಬ್ಯಾಟರಿ ಸಹಜವಾಗಿ ಕುಗ್ಗಿದರೆ ಅದಕ್ಕೂ ವಾರಂಟಿ ಇಲ್ಲವೆಂದು ಇರುವುದುಂಟು. ಕ್ಯಾಲೆಂಡರಿನಲ್ಲಿ ಹನ್ನೊಂದನೆಯ ತಿಂಗಳಿಗೆ ಗುರುತು ಹಾಕಿ. ಆ ತಿಂಗಳು ವಾಚನ್ನು ಪೂರ್ತಿ ಚಾರ್ಜು ಮಾಡಿ, ಎಷ್ಟು ಹೊತ್ತು ಬರುತ್ತದೆ ಎಂದು ಗಂಟೆ ಬರೆದಿಡಿ. ಗಾಜಿನ ಅಂಚಿನಲ್ಲಿ ಉಗುರು ಆಡಿಸಿ ನೋಡಿ. ಒಳಗೆ ಮಂಜು ಕಟ್ಟಿದೆಯೇ ನೋಡಿ. ದೋಷವಿದ್ದರೆ ವಾರಂಟಿಯೊಳಗೇ ಬರೆಹದಲ್ಲಿ ದೂರು ಕೊಟ್ಟು, ದೂರಿನ ನಂಬರು ಇಟ್ಟುಕೊಳ್ಳಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ.

ಅವರು ಕೇಳದಿದ್ದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಗೆ ಫೋನು ಮಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಕಂಪೆನಿ ಡೆಲ್ಲಿಯಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷ ಅವಕಾಶವಿದೆ. ವಾಚಿನ ದೋಷದಿಂದ ಮೈಗೆ ಗಾಯವಾದರೆ ತಯಾರಕರಿಂದ ಪರಿಹಾರ ಕೇಳುವ ಹಕ್ಕೂ ಅದೇ ಕಾಯಿದೆಯಲ್ಲಿದೆ. ಇದಕ್ಕೆಲ್ಲ ಬಿಲ್ಲು ಬೇಕು. ಜಾತ್ರೆಯಲ್ಲಿ, ಸಂತೆಯಲ್ಲಿ ಬಿಲ್ಲಿಲ್ಲದೆ ಕೊಂಡ ವಾಚಿಗೆ ಯಾರೂ ದಿಕ್ಕಿಲ್ಲ.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಜಾಲತಾಣ ತೆರೆದಿದೆ. ಕಂಪೆನಿಗಳು ರಿಪೇರಿಯ ವಿವರ, ಬಿಡಿಭಾಗಗಳ ವಿವರವನ್ನು ಅಲ್ಲಿ ಕೊಡಬೇಕೆಂಬುದು ಉದ್ದೇಶ. ಮೊಬೈಲು, ಮನೆಬಳಕೆಯ ಯಂತ್ರ, ವಾಹನಗಳ ಜೊತೆಗೆ ಕೃಷಿ ಯಂತ್ರಗಳನ್ನೂ ಸೇರಿಸಿದ್ದಾರೆ. ವಾಚಿಗಿಂತ ನಿಮಗೆ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು, ನೋಡಿಡಿ.

ಇಷ್ಟೆಲ್ಲ ಕೇಳಿ, ವಾಚನ್ನೇ ಕೊಳ್ಳಬಾರದೇ ಎಂದು ಒಬ್ಬ ತಾಯಿ ಆಗಲೇ ಕೇಳಿದರು. ಕೊಳ್ಳಿ ತಾಯೀ. ಆದರೆ ಎತ್ತು ಕೊಳ್ಳುವಾಗ ಎಷ್ಟು ಉಳುಮೆಗೆ ಬರುತ್ತದೆ ಎಂದು ಹಲ್ಲು ನೋಡುವುದಿಲ್ಲವೇ? 2,400 ರೂಪಾಯಿಯ ವಾಚು ಹದಿನಾರು ತಿಂಗಳು ಬಂದರೆ ತಿಂಗಳಿಗೆ 150 ರೂಪಾಯಿ ಆಯಿತು. ಅದೇ ಮೂರು ವರ್ಷ ಬಂದರೆ 67 ರೂಪಾಯಿ. ಈ ಲೆಕ್ಕ ನಿಮಗೆ ಒಪ್ಪಿದರೆ ಕೊಳ್ಳಿ. ಕಂತಿನಲ್ಲಿ ಕೊಳ್ಳುವವರು, ವಾಚಿನ ಉಸಿರು ನಿಂತ ಮೇಲೂ ಕಂತು ಕಟ್ಟುವ ಹಾಗಾಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಹೃದಯದ ಕಾಯಿಲೆಯವರಿದ್ದರೆ, ವಾಚು ಕಟ್ಟಿದ್ದೇವೆ ಎಂದು ಅವರನ್ನು ರಾತ್ರಿ ಒಂಟಿಯಾಗಿ ಗದ್ದೆಗೆ ಬಿಡಬೇಡಿ. ಫೋನು ಮರದಲ್ಲಿ ಬೇಡ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿರಲಿ. ಯಜಮಾನರೇ, ಇದನ್ನು ನಿಮಗೇ ಹೇಳುತ್ತಿದ್ದೇನೆ.

ಸಭೆ ಮುಗಿದ ಮೇಲೆ ಹೊರಗಿನ ಅರಳಿಕಟ್ಟೆಯ ಮೇಲೆ ನಾನು ಸಂಜೆಯವರೆಗೆ ಕೂರುತ್ತೇನೆ. ನಿಮ್ಮ ವಾಚುಗಳನ್ನು ತೋರಿಸಿ, ನೋಡಿ ಹೇಳುತ್ತೇನೆ. ಇವತ್ತು ಕಾಸು ಬೇಡ. ಗಾಜು ಎದ್ದಿರುವ ವಾಚು ಯಾರ ಹತ್ತಿರವಾದರೂ ಇದ್ದರೆ ಜೇಬಿನಲ್ಲಿಟ್ಟುಕೊಂಡು ಸರದಿ ಕಾಯಬೇಡಿ. ಕಟ್ಟೆಯ ಪಕ್ಕದಲ್ಲಿ ಮರಳು ತುಂಬಿದ ಮಡಕೆ ಇಟ್ಟಿದ್ದೇನೆ, ಮೊದಲು ಅದರಲ್ಲಿ ಇಟ್ಟು ಆಮೇಲೆ ನನ್ನನ್ನು ಕರೆಯಿರಿ.